ಚಕ್ಕುಲಿ ಹಲ್ಲಿನ ಮೀನು

ಕಲ್ಲಿನ ಮೇಲೆ ಯಾರೋ ಮುಳ್ಳು ಚಕ್ಕುಲಿ ಒತ್ತಿಟ್ಟು ಮರೆತು ಹೋದಂತಿದೆ. ನಡುವಿನಿಂದ ಹೊರಟ ಸುರುಳಿ ಮೂರು ಸುತ್ತು ಸುತ್ತಿದೆ. ಒಳಸುತ್ತಿನ ಮುಳ್ಳುಗಳು ತೀರ ಸಣ್ಣವು. ಹೊರಸುತ್ತಿಗೆ ಬರುವ ಹೊತ್ತಿಗೆ ಒಂದೊಂದೂ ಹೆಬ್ಬೆರಳಿನಷ್ಟಾಗಿದೆ. ಹತ್ತಿರದಿಂದ ನೋಡಿದರೆ ಅವು ಮುಳ್ಳುಗಳಲ್ಲ, ಹಲ್ಲುಗಳು. ಪ್ರತಿ ಹಲ್ಲಿನ ಅಂಚಿಗೂ ಗರಗಸದಂತೆ ಸಣ್ಣ ಕಚ್ಚುಗಳಿವೆ. ನೂರಕ್ಕೂ ಮಿಕ್ಕಿದ ಹಲ್ಲುಗಳು ಒಂದೇ ಬೇರಿನ ಮೇಲೆ ಸಾಲಾಗಿ ನಿಂತು, ಆ ಸಾಲೇ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡಿದೆ.

1899ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಅಲೆಕ್ಸಾಂಡರ್ ಕಾರ್ಪಿನ್‌ಸ್ಕಿ ಎಂಬ ಭೂವಿಜ್ಞಾನಿಯ ಮುಂದೆ ಇಂಥ ಕಲ್ಲುಗಳಿದ್ದವು. ಇವು ಯಾವುದೋ ಮೀನಿನ ಹಲ್ಲುಗಳೆಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಆದರೆ ಇಷ್ಟು ದೊಡ್ಡ ಸುರುಳಿಯನ್ನು ಮೀನು ತನ್ನ ಮೈಯಲ್ಲಿ ಎಲ್ಲಿ ಇಟ್ಟುಕೊಂಡಿತ್ತು? ಕೇಳಲು ಸರಳವಾದ ಈ ಪ್ರಶ್ನೆಗೆ ಎಲ್ಲರೂ ಒಪ್ಪುವಂಥ ಉತ್ತರ ಸಿಗಲು 114 ವರ್ಷ ಹಿಡಿಯಿತು. ಅದರಲ್ಲೂ ವಿಚಿತ್ರವೆಂದರೆ, ಆ ಅವಧಿಯ ಕೊನೆಯ ಆರು ದಶಕಗಳಲ್ಲಿ ಉತ್ತರ ಮನುಷ್ಯರ ಕೈಯಲ್ಲೇ ಇತ್ತು. ಅದು ಕಲ್ಲಿನೊಳಗಿತ್ತು, ಅಷ್ಟೆ.

ಕಾರ್ಪಿನ್‌ಸ್ಕಿ ಸಾಮಾನ್ಯ ಮನುಷ್ಯರಲ್ಲ. ಉರಲ್ ಪರ್ವತಗಳ ಗಣಿಯೂರೊಂದರಲ್ಲಿ 1847ರಲ್ಲಿ ಹುಟ್ಟಿದವರು. ಗಣಿ ಎಂಜಿನಿಯರುಗಳ ಮನೆತನ. ರಷ್ಯದ ಭೂವಿಜ್ಞಾನದ ಹಿರಿಯಣ್ಣ ಎಂದೇ ಹೆಸರಾಗಿದ್ದವರು. 1917ರಲ್ಲಿ, ಆ ದೇಶ ತಲೆಕೆಳಗಾದ ವರ್ಷದಲ್ಲಿ, ಅಲ್ಲಿನ ವಿಜ್ಞಾನ ಅಕಾಡೆಮಿಯು ಮೊದಲ ಬಾರಿಗೆ ಮತ ಹಾಕಿ ಅಧ್ಯಕ್ಷರನ್ನು ಆರಿಸಿಕೊಂಡಾಗ ಆಯ್ಕೆಯಾದವರು ಇವರೇ. 1936ರಲ್ಲಿ ತೀರಿಕೊಳ್ಳುವವರೆಗೂ ಆ ಪದವಿಯಲ್ಲಿದ್ದರು. ಝಾರರ ಕಾಲದಲ್ಲೂ ಸ್ಟಾಲಿನ್ನನ ಕಾಲದಲ್ಲೂ ಮರ್ಯಾದೆ ಉಳಿಸಿಕೊಂಡ ಕೆಲವೇ ಮಂದಿಯಲ್ಲಿ ಒಬ್ಬರಾದ ಅವರ ಚಿತಾಭಸ್ಮ ಮಾಸ್ಕೋದ ಕ್ರೆಮ್ಲಿನ್ ಗೋಡೆಯಲ್ಲಿದೆ.

ಕಲ್ಲುಗಳು ಬಂದದ್ದು ಅವರ ತವರಾದ ಉರಲ್ ಸೀಮೆಯ ಕ್ರಾಸ್ನೊಉಫಿಮ್ಸ್ಕ್ ಊರಿನ ಸುಣ್ಣಕಲ್ಲಿನ ಪದರಗಳಿಂದ. ಆ ಪದರಗಳಿಗೆ ಆರ್ಟಿನ್ಸ್ಕಿಯನ್ ಎಂದು 1874ರಲ್ಲೇ ಹೆಸರಿಟ್ಟವರೂ ಕಾರ್ಪಿನ್‌ಸ್ಕಿಯೇ. ಇಂದಿನ ಲೆಕ್ಕದಲ್ಲಿ ಅವು ಸುಮಾರು 28-29 ಕೋಟಿ ವರ್ಷಗಳಷ್ಟು ಹಳೆಯವು. ಭೂಮಿಯ ಚರಿತ್ರೆಯಲ್ಲಿ ಪರ್ಮಿಯನ್ ಎಂದು ಕರೆಯುವ ಕಾಲ. ಡೈನೋಸಾರುಗಳು ಬರಲು ಇನ್ನೂ ಐದು ಕೋಟಿ ವರ್ಷ ಬಾಕಿಯಿತ್ತು. ಕಾರ್ಪಿನ್‌ಸ್ಕಿ ಆ ಮೀನಿಗೆ ಹೆಲಿಕೊಪ್ರಿಯಾನ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಹೆಲಿಕ್ಸ್’ ಎಂದರೆ ಸುರುಳಿ, ‘ಪ್ರಿಯಾನ್’ ಎಂದರೆ ಗರಗಸ. ಸುರುಳಿಗರಗಸ ಎಂದರೆ ಕನ್ನಡಕ್ಕೂ ಒಪ್ಪುತ್ತದೆ.

ಹಲ್ಲು ಸಿಕ್ಕಿದ ಮೇಲೆ ದವಡೆ ಏಕೆ ಸಿಗಲಿಲ್ಲ ಎಂದು ಕೇಳಬಹುದು. ಕಾರಣ ನಮ್ಮ ಕರಾವಳಿಯ ಅಡುಗೆಮನೆಗಳಲ್ಲೇ ಇದೆ. ಅಲ್ಲಿನವರು ತಾಟೆ ಎನ್ನುವ ಶಾರ್ಕ್ ಮೀನನ್ನು ಕೊಯ್ದವರಿಗೆ ಗೊತ್ತು, ಅದರಲ್ಲಿ ಬಂಗುಡೆಯಲ್ಲಿರುವಂಥ ಮುಳ್ಳುಗಳ ಕಾಟವಿಲ್ಲ. ಶಾರ್ಕ್ ಮತ್ತು ಅದರ ಬಂಧುಗಳ ಅಸ್ಥಿಪಂಜರವೆಲ್ಲ ಮೃದ್ವಸ್ಥಿಯದು, ಅಂದರೆ ನಮ್ಮ ಕಿವಿಯಲ್ಲೂ ಮೂಗಿನ ತುದಿಯಲ್ಲೂ ಇರುವಂಥ ಬಾಗುವ ಎಲುಬಿನದು. ಮೀನು ಸತ್ತು ಸಮುದ್ರದ ತಳ ಸೇರಿದ ಮೇಲೆ ಮಾಂಸದ ಜೊತೆಗೆ ಅದೂ ಕರಗಿ ಹೋಗುತ್ತದೆ. ಗಟ್ಟಿಯಾಗಿ ಉಳಿಯುವುದು ಹಲ್ಲು ಮಾತ್ರ. ಹೆಲಿಕೊಪ್ರಿಯಾನ್ ವಿಷಯದಲ್ಲಿ ಆದದ್ದೂ ಇಷ್ಟೇ. ಕುರುಡರು ಆನೆಯನ್ನು ಮುಟ್ಟಿ ನೋಡಿದ ಕಥೆಯಲ್ಲಿ ಎದುರಿಗೆ ಪೂರ್ತಿ ಆನೆಯಾದರೂ ಇತ್ತು. ಇಲ್ಲಿ ಇದ್ದದ್ದು ದಂತವೊಂದೇ.

ಕಾರ್ಪಿನ್‌ಸ್ಕಿಗಿಂತ ಮೊದಲೂ ಇಂಥ ತುಂಡುಗಳು ಅಲ್ಲಲ್ಲಿ ಸಿಕ್ಕಿದ್ದವು. ಅಮೆರಿಕದಲ್ಲಿ 1850ರ ದಶಕದಲ್ಲಿ ಜೋಸೆಫ್ ಲೈಡಿ ಎಂಬುವರು ಎಡೆಸ್ಟಸ್ ಎಂದು ಹೆಸರಿಟ್ಟ ಮೀನಿನ ಹಲ್ಲುಸಾಲು ಪೂರ್ತಿ ಸುತ್ತದೆ, ಕುಡುಗೋಲಿನಂತೆ ಬಾಗಿತ್ತು. ಅದು ದವಡೆಯೋ, ಈಜುರೆಕ್ಕೆಯ ಮುಳ್ಳೋ ಎಂದು ವಾದ ನಡೆದೇ ಇತ್ತು. 1886ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಗ್ಯಾಸ್ಕೊಯ್ನ್ ಪ್ರದೇಶದಲ್ಲಿ ಡೇವಿಸ್ ಎಂಬಾತನಿಗೆ ಸಿಕ್ಕ ಬಾಗಿದ ತುಂಡೊಂದು ಲಂಡನ್ನಿನ ಹೆನ್ರಿ ವುಡ್‌ವರ್ಡ್ ಅವರ ಮೇಜಿಗೆ ಬಂತು. ಅವರು ಅದನ್ನು ರೆಕ್ಕೆಯ ಮುಳ್ಳೆಂದೇ ವರ್ಣಿಸಿ, ಸಿಕ್ಕವನ ಹೆಸರನ್ನು ಅದಕ್ಕಿಟ್ಟರು. ಮರುವರ್ಷ ಅಮೆರಿಕದ ಫ್ಯಾನಿ ಹಿಚ್‌ಕಾಕ್ ಎಂಬ ವಿದುಷಿ ಎಡೆಸ್ಟಸ್ ಕುರಿತು ಒಂದು ಪುಟ್ಟ ಲೇಖನ ಬರೆದರು. ಇವು ಮುಳ್ಳುಗಳಲ್ಲ; ಕೆಳದವಡೆಯ ಎಡಬಲ ಭಾಗಗಳು ಕೂಡುವಲ್ಲಿ, ನಡುಮಧ್ಯದಲ್ಲಿ ಇದ್ದ ಹಲ್ಲುಗಳು ಎಂಬುದು ಆಕೆಯ ವಾದ. ಹೆಣ್ಣುಮಕ್ಕಳಿಗೆ ವಿಜ್ಞಾನದ ಬಾಗಿಲು ಅರ್ಧ ಮಾತ್ರ ತೆರೆದಿದ್ದ ಕಾಲವದು. ಮುಂದಿನ ಎಷ್ಟೋ ದಿಗ್ಗಜರ ಊಹೆಗಳಿಗಿಂತ ಆಕೆಯ ಎರಡು ಪುಟದ ಊಹೆಯೇ ಸತ್ಯಕ್ಕೆ ಹೆಚ್ಚು ಹತ್ತಿರವಿತ್ತು ಎಂಬುದು ಈಗ ಗೊತ್ತಾಗಿದೆ.

ಕಾರ್ಪಿನ್‌ಸ್ಕಿ ತಮ್ಮ ಗ್ರಂಥದಲ್ಲಿ, ಸಂಕೋಚದಿಂದಲೇ, ಸುರುಳಿಯನ್ನು ಮೇಲ್ದವಡೆಗೆ ಅಂಟಿಸಿದರು. ಆನೆ ಸೊಂಡಿಲನ್ನು ಮೇಲಕ್ಕೆ ಸುತ್ತಿಕೊಂಡಂತೆ ಮೂತಿಯ ತುದಿಯಲ್ಲಿ ಹಲ್ಲಿನ ಸುರುಳಿ. ಶತ್ರುವಿನ ಮೇಲೆ ಬೀಸಲು ಒಂದು ಆಯುಧ. ಗರಗಸ ಮೀನಿಗೆ ಮೂತಿಯಲ್ಲೇ ಗರಗಸವಿರುವಾಗ ಇದು ಅಸಾಧ್ಯವೇನೂ ಅಲ್ಲ ಎನ್ನಿಸುವುದು ಸಹಜ. ಆದರೆ ಆ ಚಿತ್ರ ನೋಡಿದವರಿಗೆ ನಗು ತಡೆಯಲಾಗಲಿಲ್ಲ. ಇಷ್ಟು ನಾಜೂಕಾದ ಹಲ್ಲನ್ನು ಹೊರಗೆ ಇಟ್ಟುಕೊಂಡು ಮೀನು ಈಜುವುದಾದರೂ ಹೇಗೆ, ಅದು ಬಾಯೊಳಗೇ ಇದ್ದಿರಬೇಕು ಎಂದರು ಕೆಲವರು. ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ ಅವರಿಗೆ ಆಯುಧದ ಮಾತೇ ಹಿಡಿಸಲಿಲ್ಲ. ಮುಂದೆ 1911ರ ಹೊತ್ತಿಗೆ ಸ್ವತಃ ಕಾರ್ಪಿನ್‌ಸ್ಕಿಯೇ ಸುರುಳಿಯನ್ನು ಬಾಯಿಯಿಂದ ಕಿತ್ತು ಬೆನ್ನಿನ ರೆಕ್ಕೆಯ ಮೇಲೆ ಇಟ್ಟು ನೋಡಿದರು. ಬಾಲದ ಮೇಲೆ ಇಟ್ಟವರೂ ಇದ್ದಾರೆ. ಮನೆಗೆ ತಂದ ಹೊಸ ಬೀರುವನ್ನು ಎಲ್ಲಿಡಬೇಕೆಂದು ತಿಳಿಯದೆ ಕೋಣೆಯಿಂದ ಕೋಣೆಗೆ ಎಳೆದಾಡಿದ ಹಾಗೆ.

ಕಾರ್ಪಿನ್‌ಸ್ಕಿಯನ್ನು ಇದಕ್ಕಾಗಿ ಗೇಲಿ ಮಾಡುವ ರೂಢಿ ಜನಪ್ರಿಯ ಪುಸ್ತಕಗಳಲ್ಲಿದೆ. ಅದು ನ್ಯಾಯವಲ್ಲ. ಹಲ್ಲುಗಳನ್ನು ಹೋಳು ಮಾಡಿ, ಅವುಗಳ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಶಾರ್ಕ್ ಬಳಗದ ಮೀನಿನದೇ ಎಂದು ಅವರು ಕಂಡುಕೊಂಡದ್ದು ಇಂದಿಗೂ ನಿಂತಿದೆ. ತಪ್ಪಿದ್ದು ವಿಳಾಸ ಮಾತ್ರ. ಮೇಲಾಗಿ, ತಾವೇ ಬರೆದ ಚಿತ್ರವನ್ನು ತಾವೇ ಅಳಿಸಿ ಬೇರೆ ಬರೆಯುವ ಧೈರ್ಯ ಅವರಿಗಿತ್ತು.

ಈ ನಡುವೆ ಸುರುಳಿ ಹಲ್ಲುಗಳು ಜಗತ್ತಿನ ಬೇರೆ ಬೇರೆ ಮೂಲೆಗಳಿಂದ ಬರತೊಡಗಿದವು. 1901ರಲ್ಲಿ ಜರ್ಮನಿಯ ಅರ್ನ್ಸ್ಟ್ ಕೋಕೆನ್ ಪಂಜಾಬಿನ ಉಪ್ಪಿನ ಬೆಟ್ಟಗಳಿಂದ ಒಂದನ್ನು ವರದಿ ಮಾಡಿದರು. ಆಗ ಅದು ಬ್ರಿಟಿಷ್ ಇಂಡಿಯಾ. ಈಗ ಆ ಬೆಟ್ಟಗಳು ಪಾಕಿಸ್ತಾನದಲ್ಲಿವೆ. ಕೋಕೆನ್ ಅದನ್ನು ಹೆಲಿಕೊಪ್ರಿಯಾನ್ ಎಂದೇ ಭಾವಿಸಿದ್ದರು. ಅದು ಅದೇ ಬಳಗದ ಬೇರೊಂದು ಮೀನು ಎಂದು ಆಮೇಲೆ ತೀರ್ಮಾನವಾಗಿ ಹೆಲಿಕ್ಯಾಂಪೊಡಸ್ ಎಂಬ ಹೆಸರು ಬಂತು. 1903ರಲ್ಲಿ ಜಪಾನಿನಿಂದ ಸುದ್ದಿ ಬಂತು. ಮುಂದೆ ಕಜಾಕಸ್ತಾನ, ಚೀನ, ಕೆನಡ, ಮೆಕ್ಸಿಕೊ, ಉತ್ತರ ಧ್ರುವದ ಬಳಿಯ ಸ್ಪಿಟ್ಸ್‌ಬರ್ಗನ್, ಅಮೆರಿಕದ ನೆವಾಡ, ಕ್ಯಾಲಿಫೋರ್ನಿಯ.

ಕರ್ನಾಟಕದ ಬಂಡೆಗಳಲ್ಲಿ ಇಂಥದ್ದನ್ನು ಹುಡುಕುವಂತಿಲ್ಲ. ಇಲ್ಲಿನ ಶಿಲೆಗಳಲ್ಲಿ ಬಹುಪಾಲು 250 ಕೋಟಿ ವರ್ಷಗಳಿಗೂ ಹಿಂದಿನವು. ಆಗಿನ್ನೂ ಮೀನೆಂಬ ಜೀವಿಯೇ ಹುಟ್ಟಿರಲಿಲ್ಲ. ಆದರೂ ಆ ಕಾಲದೊಂದಿಗೆ ನಮಗೆ ನಂಟಿಲ್ಲವೆಂದಲ್ಲ. ಹೆಲಿಕೊಪ್ರಿಯಾನ್ ಸಮುದ್ರಗಳಲ್ಲಿ ಈಜುತ್ತಿದ್ದಾಗ ಭಾರತದ ನೆಲ ಆಫ್ರಿಕ, ಆಸ್ಟ್ರೇಲಿಯ, ಅಂಟಾರ್ಕ್ಟಿಕಗಳೊಂದಿಗೆ ಅಂಟಿಕೊಂಡು ದಕ್ಷಿಣದಲ್ಲಿ ಬಹುದೂರವಿತ್ತು. ಆ ಪರ್ಮಿಯನ್ ಕಾಲದ ಜೌಗು ಕಾಡುಗಳೇ ಹೂತು ದಾಮೋದರ ಕಣಿವೆಯಲ್ಲೂ ಗೋದಾವರಿಯ ಸಿಂಗರೇಣಿಯಲ್ಲೂ ಕಲ್ಲಿದ್ದಲಾದವು. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ಸಿಂಗರೇಣಿಯಿಂದ ರೈಲಿನಲ್ಲಿ ಬಂದು ಉರಿದ ಇದ್ದಿಲು ಈ ಮೀನಿನ ಕಾಲದ ಕಾಡು.

ಈಗ ಕಥೆ ಅಮೆರಿಕದ ಐಡಹೊ ರಾಜ್ಯಕ್ಕೆ ಹೋಗಬೇಕು. ಅಲ್ಲಿಯೂ ನೆಲ ಅಗೆಯುವವರೇ ಮುಖ್ಯ ಪಾತ್ರಧಾರಿಗಳು. ರಾಜ್ಯದ ಆಗ್ನೇಯ ಭಾಗದಲ್ಲಿ ಪರ್ಮಿಯನ್ ಕಾಲದ ಸಮುದ್ರತಳ ರಂಜಕದ ಕಲ್ಲಾಗಿ ಕುಳಿತಿದೆ. ಹೊಲಕ್ಕೆ ಹಾಕುವ ರಸಗೊಬ್ಬರಕ್ಕೆ ಬೇಕಾಗುವ ಫಾಸ್ಫೇಟ್ ಇದೇ. ಇಪ್ಪತ್ತನೇ ಶತಮಾನದ ಆರಂಭದಿಂದಲೇ ಅದನ್ನು ತೆಗೆಯುವ ಕೆಲಸ ನಡೆದು, ಗುಂಡುಗಲ್ಲುಗಳನ್ನು ಒಡೆದಾಗ ಒಳಗೆ ಹಲ್ಲಿನ ಸುರುಳಿಗಳು ಕಾಣಿಸತೊಡಗಿದವು. ಆಲಿವರ್ ಹೇ ಎಂಬ ವಿದ್ವಾಂಸರು 1907ರಲ್ಲಿ ಅವುಗಳಿಗೆ ಬೇರೆಯೇ ಹೆಸರು ಕೊಟ್ಟರು. ಇಂದು ಜಗತ್ತಿನಲ್ಲಿ ಗೊತ್ತಿರುವ ಹೆಲಿಕೊಪ್ರಿಯಾನ್ ಪಳೆಯುಳಿಕೆಗಳಲ್ಲಿ ಅರ್ಧದಷ್ಟು ಐಡಹೊದವು. ಉಳಿದವುಗಳಲ್ಲೂ ದೊಡ್ಡ ಪಾಲು ಉರಲ್ ಪರ್ವತದವು. ಗೊಬ್ಬರದ ಗಣಿ ಇಲ್ಲದಿದ್ದರೆ ಈ ಮೀನಿನ ಬಗ್ಗೆ ನಮಗೆ ಇಷ್ಟು ತಿಳಿಯುತ್ತಿರಲಿಲ್ಲ. ಎಷ್ಟು ಸುರುಳಿಗಳು ಯಾರ ಕಣ್ಣಿಗೂ ಬೀಳದೆ ಪುಡಿಯಾಗಿ ಹೊಲ ಸೇರಿದವೋ, ಅದರ ಲೆಕ್ಕ ಇಟ್ಟವರಿಲ್ಲ.

1950ರಲ್ಲಿ ಮಾಂಟ್‌ಪೆಲಿಯರ್ ಊರಿನ ಬಳಿಯ ವಾಟರ್‌ಲೂ ಗಣಿಯಲ್ಲಿ ಒಂದು ಕಲ್ಲು ಸಿಕ್ಕಿತು. ಸುರುಳಿಯ ಅಗಲ 23 ಸೆಂಟಿಮೀಟರು, ಅಂದರೆ ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು, ಹಲ್ಲುಗಳು 117. ಇದಕ್ಕಿಂತ ದೊಡ್ಡ ಸುರುಳಿಗಳು ಸಿಕ್ಕಿವೆ. ಆದರೆ ಇದರ ಸುತ್ತ, ಕಲ್ಲಿನ ಮೈಯಲ್ಲಿ, ಬೇರೆಡೆ ಎಲ್ಲೂ ಕಾಣದ ಒಂದು ಮಸುಕು ವಸ್ತುವಿತ್ತು: ದವಡೆಯ ಮೃದ್ವಸ್ಥಿ.

ಇದನ್ನು ಗುರುತಿಸಿದವರು ಡೆನ್ಮಾರ್ಕಿನ ಸ್ವೆಂಡ್ ಎರಿಕ್ ಬೆಂಡಿಕ್ಸ್-ಆಲ್ಮ್‌ಗ್ರೀನ್. ಐಡಹೊದ ಪಳೆಯುಳಿಕೆಗಳನ್ನು ಅಧ್ಯಯನ ಮಾಡಿದ ಅವರು 1966ರಲ್ಲಿ ತಮ್ಮ ವಿವರವಾದ ಪ್ರಬಂಧವನ್ನು ಪ್ರಕಟಿಸಿದರು. ಸುರುಳಿ ಇದ್ದದ್ದು ಕೆಳದವಡೆಯಲ್ಲಿ, ಎರಡು ಪಕ್ಕದ ಮೃದ್ವಸ್ಥಿಗಳ ನಡುವೆ ಸಿಕ್ಕಿಸಿಟ್ಟಂತೆ ಎಂದು ಅವರು ತೋರಿಸಿದರು. ಕಲ್ಲಿನ ಹೊರಮೈಯಲ್ಲಿ ಕಂಡಷ್ಟನ್ನೇ ಆಧಾರವಾಗಿಟ್ಟುಕೊಂಡು ಇಷ್ಟು ಹೇಳಿದ್ದು ದೊಡ್ಡ ಮಾತು. ಒಳಗಿರುವುದನ್ನು ನೋಡಬೇಕೆಂದರೆ ಕಲ್ಲನ್ನು ಒಡೆಯಬೇಕು. ಒಡೆದರೆ ಇರುವ ಒಂದೇ ಸಾಕ್ಷಿಯೂ ಹಾಳು.

ಇಷ್ಟಾದರೂ ಚಿತ್ರಗಳು ಬದಲಾಗಲಿಲ್ಲ. ಪ್ರಬಂಧ ಪ್ರಕಟವಾದದ್ದು ಡೆನ್ಮಾರ್ಕಿನ ರಾಯಲ್ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಓದಿದವರು ಆ ಕ್ಷೇತ್ರದ ಬೆರಳೆಣಿಕೆಯ ಪಂಡಿತರು. ಮಕ್ಕಳ ವಿಶ್ವಕೋಶಗಳಲ್ಲಿ ಹೆಲಿಕೊಪ್ರಿಯಾನ್ ಎಂದರೆ ಇಂದಿನ ಶಾರ್ಕಿನ ಮೈ, ಕೆಳದವಡೆಯ ತುದಿಯಿಂದ ಹೊರಕ್ಕೆ ಇಳಿಬಿದ್ದ ಹಲ್ಲಿನ ಸುತ್ತು. ದವಡೆಯೇನೋ ಸರಿ, ಜಾಗ ತಪ್ಪು. ಅಂಥ ಮೀನು ಬಾಯಿ ಮುಚ್ಚುವುದು ಹೇಗೆ ಎಂದು ಚಿತ್ರಕಾರನೂ ಕೇಳಲಿಲ್ಲ, ಓದುಗನೂ ಕೇಳಲಿಲ್ಲ. 2008ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ತಜ್ಞರು ಸುರುಳಿಯನ್ನು ಇನ್ನೂ ಹಿಂದಕ್ಕೆ, ಗಂಟಲೊಳಗೆ ತಳ್ಳಿದರು. ಅವರ ತರ್ಕದಲ್ಲಿ ಹುರುಳಿತ್ತು: ಹಲ್ಲುಗಳು ಹೆಚ್ಚು ಸವೆದಿಲ್ಲ, ಮುರಿದಿಲ್ಲ, ಬೇಟೆಯನ್ನು ಎದುರಿನಿಂದ ಕಚ್ಚುವ ಹಲ್ಲಾಗಿದ್ದರೆ ಹೀಗಿರುತ್ತಿತ್ತೇ? ಕಾಲ ಕಳೆದಂತೆ ಕಡಿಮೆಯಾಗಬೇಕಿದ್ದ ಊಹೆಗಳು ಹೆಚ್ಚುತ್ತಲೇ ಇದ್ದವು.

ಈ ಮೀನಿನ ಮೋಹಕ್ಕೆ ಬಿದ್ದವರಲ್ಲಿ ಒಬ್ಬರು ವಿಜ್ಞಾನಿಯೇ ಅಲ್ಲ. ಅಲಾಸ್ಕದ ಕೆಚಿಕನ್ ಎಂಬ ಮೀನುಗಾರರ ಊರಿನ ಚಿತ್ರಕಲಾವಿದ ರೇ ಟ್ರಾಲ್, 1990ರ ದಶಕದಲ್ಲಿ ಲಾಸ್ ಏಂಜಲಿಸ್‌ನ ವಸ್ತುಸಂಗ್ರಹಾಲಯದಲ್ಲಿ ಹಲ್ಲಿನ ಸುರುಳಿಯೊಂದನ್ನು ಕಂಡರು. ಇದನ್ನು ಸರಿಯಾಗಿ ಬಿಡಿಸುವುದು ಹೇಗೆ ಎಂಬ ಚಿಂತೆ ಅಂದಿನಿಂದ ಅವರನ್ನು ಬಿಡಲಿಲ್ಲ. ಬಲ್ಲವರನ್ನೆಲ್ಲ ಕೇಳುತ್ತ ಹೋಗಿ ಕೊನೆಗೆ ಬೆಂಡಿಕ್ಸ್-ಆಲ್ಮ್‌ಗ್ರೀನ್ ಅವರನ್ನೇ ಸಂಪರ್ಕಿಸಿದರು. ಪಂಡಿತರು ಮರೆತಿದ್ದ ಪ್ರಬಂಧವನ್ನು ಚಿತ್ರಕಾರನೊಬ್ಬ ನೆನಪಿನಲ್ಲಿ ಇಟ್ಟುಕೊಂಡದ್ದು ಈ ಕಥೆಯ ಒಂದು ಸೊಗಸು.

ಐಡಹೊದ ಪೊಕಟೆಲೊ ನಗರದಲ್ಲಿರುವ ರಾಜ್ಯದ ಪ್ರಕೃತಿ ವಸ್ತುಸಂಗ್ರಹಾಲಯದಲ್ಲಿ 1950ರ ಆ ಕಲ್ಲು 37899 ಎಂಬ ಸಂಖ್ಯೆ ಹೊತ್ತು ಕಾದಿತ್ತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇನ್ನೂ ಪದವಿ ವಿದ್ಯಾರ್ಥಿಯಾಗಿದ್ದ ಜೆಸ್ಸಿ ಪ್ರುಯಿಟ್ ಈ ಸುರುಳಿಗಳ ಬೆನ್ನು ಹತ್ತಿದರು. ಅವರ ಗುರು ಲೀಫ್ ಟಪಾನಿಲ ಒಂದು ತಂಡ ಕಟ್ಟಿದರು. ಆಸ್ಪತ್ರೆಯಲ್ಲಿ ತಲೆಗೆ ಪೆಟ್ಟಾದವರನ್ನು ಸಿ.ಟಿ. ಸ್ಕ್ಯಾನ್ ಮಾಡುತ್ತಾರಲ್ಲ, ಅದೇ ತತ್ವದ, ಆದರೆ ಕಲ್ಲನ್ನೂ ತೂರಿ ಹೋಗುವಷ್ಟು ಶಕ್ತಿಯ ಎಕ್ಸ್-ರೇ ಯಂತ್ರ ಟೆಕ್ಸಾಸಿನ ಆಸ್ಟಿನ್ ನಗರದ ವಿಶ್ವವಿದ್ಯಾಲಯದಲ್ಲಿತ್ತು. ಕಲ್ಲು ಅಲ್ಲಿಗೆ ಹೋಯಿತು. ಒಂದು ಚೂರೂ ಒಡೆಯದೆ, ಒಳಗಿದ್ದುದು ತೆಳುಪದರ ತೆಳುಪದರವಾಗಿ ಕಂಪ್ಯೂಟರಿನ ಪರದೆಯ ಮೇಲೆ ಮೂಡಿತು.

2013ರಲ್ಲಿ ಪ್ರಕಟವಾದ ಫಲಿತಾಂಶ ವಾದಕ್ಕೆಲ್ಲ ತೆರೆ ಎಳೆಯಿತು. ಬೆಂಡಿಕ್ಸ್-ಆಲ್ಮ್‌ಗ್ರೀನ್ ಹೇಳಿದ್ದು ಮೂಲದಲ್ಲಿ ಸರಿ. ಸುರುಳಿ ಇದ್ದದ್ದು ಕೆಳದವಡೆಯಲ್ಲೇ. ಆದರೆ ಅದು ದವಡೆಯ ತುದಿಯಲ್ಲಿ ಅಲಂಕಾರವಾಗಿ ಕೂತಿರಲಿಲ್ಲ. ದವಡೆಯ ಕೀಲಿನಿಂದ ತುದಿಯವರೆಗೆ ಬಾಯಿಯನ್ನೆಲ್ಲ ಅದೇ ತುಂಬಿತ್ತು. ಎರಡು ಕಡೆಯ ಮೃದ್ವಸ್ಥಿ ಅದನ್ನು ಒರೆಯಂತೆ ಅಪ್ಪಿ ಹಿಡಿದಿತ್ತು. ಹೊರಸುತ್ತಿನ ದೊಡ್ಡ ಹಲ್ಲುಗಳಲ್ಲಿ ಹತ್ತು ಹನ್ನೆರಡು ಮಾತ್ರ ಬಾಯೊಳಗೆ ತಲೆಯೆತ್ತಿ ನಿಂತಿರುತ್ತಿದ್ದವು. ಉಳಿದ ಒಳಸುತ್ತುಗಳೆಲ್ಲ ದವಡೆಯ ಒಡಲೊಳಗೆ ಹೂತಿದ್ದವು. ಹೊರಗಿನಿಂದ ನೋಡಿದರೆ ಆ ಮೀನಿಗೆ ಸುರುಳಿ ಇದೆಯೆಂಬುದೇ ತಿಳಿಯುತ್ತಿರಲಿಲ್ಲ. ನೂರು ವರ್ಷ ಚಿತ್ರಕಾರರು ಬಿಡಿಸಿದ ಚಕ್ಕುಲಿಯನ್ನು ಆ ಕಾಲದ ಸಮುದ್ರದಲ್ಲಿ ಯಾವ ಪ್ರಾಣಿಯೂ ಕಂಡಿರಲಿಕ್ಕಿಲ್ಲ.

ಮೇಲ್ದವಡೆಯಲ್ಲಿ ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಗರಗಸ ಇರಲಿಲ್ಲ. ಹಾಗಾದರೆ ಕೆಳಗಿನದೊಂದೇ ಗರಗಸದಿಂದ ಕತ್ತರಿಸುವುದು ಹೇಗೆ? ಇಂಗ್ಲಿಷ್ ಓದಿ ಬೆಳೆದವರಿಗೆ ಇದು ತೊಡಕಾಗಿ ಕಾಣಬಹುದು. ಈಳಿಗೆ ಮಣೆಯ ಮುಂದೆ ಕೂತು ತರಕಾರಿ ಹೆಚ್ಚಿದವರಿಗೆ ಅಲ್ಲ. ಈಳಿಗೆ ನೆಟ್ಟಗೆ ನಿಂತಿರುತ್ತದೆ, ಬದನೆಕಾಯಿ ಅದರ ಮೇಲೆ ಬರುತ್ತದೆ. ಹೆಲಿಕೊಪ್ರಿಯಾನ್ ಬಾಯಿ ಮುಚ್ಚಿದಾಗ ಮೇಲ್ದವಡೆ ಬೇಟೆಯನ್ನು ಒತ್ತಿ ಹಿಡಿಯುತ್ತಿತ್ತು, ಕೆಳಗಿನ ಅಲಗು ಅದರೊಳಗೆ ಇಳಿಯುತ್ತಿತ್ತು. ಈಳಿಗೆಗೆ ಇಲ್ಲದ ಒಂದು ಅನುಕೂಲ ಇದಕ್ಕಿತ್ತು. ದವಡೆ ಮುಚ್ಚಿಕೊಳ್ಳುವಾಗ ಹಲ್ಲುಗಳು ಮೇಲೇಳುವುದರ ಜೊತೆಗೆ ಹಿಂದಕ್ಕೂ ಸರಿಯುತ್ತಿದ್ದವು. 2015ರಲ್ಲಿ ಅದೇ ತಂಡದವರು ನಡೆಸಿದ ಲೆಕ್ಕಾಚಾರದಂತೆ ಮುಂದಿನ ಹಲ್ಲುಗಳು ಕೊಕ್ಕೆಯಂತೆ ಬೇಟೆಯನ್ನು ಸಿಕ್ಕಿಸಿಕೊಂಡು ಒಳಕ್ಕೆ ಎಳೆದರೆ, ನಡುವಿನವು ಚುಚ್ಚಿ ಸೀಳಿದವು, ಹಿಂದಿನವು ತುಂಡನ್ನು ಗಂಟಲ ಕಡೆಗೆ ನೂಕಿದವು. ಒಂದೇ ಬೀಸಿನಲ್ಲಿ ಮೂರು ಕೆಲಸ.

ಇಂಥ ಬಾಯಿ ಗಟ್ಟಿ ವಸ್ತುವನ್ನು ಅಗಿಯಲು ತಕ್ಕದ್ದಲ್ಲ. ಸ್ಮಿತ್ಸೋನಿಯನ್ ತಜ್ಞರನ್ನು ದಾರಿ ತಪ್ಪಿಸಿದ ಸವೆಯದ ಹಲ್ಲುಗಳಿಗೆ ವಿವರಣೆ ಇಲ್ಲಿದೆ: ಆಹಾರ ಮೆತ್ತಗಿತ್ತು. ಕರಾವಳಿಯಲ್ಲಿ ಬೊಂಡಾಸ್ ಎಂದು ಮಾರುವ ಕಣವೆ ಜಾತಿಯ ಪ್ರಾಣಿಗಳ ಹಳೆಯ ಬಂಧುಗಳು ಆ ಸಮುದ್ರದಲ್ಲಿ ತುಂಬಿದ್ದವು. ಚಿಪ್ಪೊಳಗೆ ಅಡಗುವಂಥವನ್ನೂ ಮುಂದಿನ ಹಲ್ಲುಗಳಿಂದ ಹಿಡಿದು ಹೊರಗೆಳೆದು ತಿನ್ನುತ್ತಿತ್ತು ಎಂಬ ಊಹೆಯೂ ಇದೆ.

ಈ ಹಲ್ಲುಸಾಲಿನ ನಿಜವಾದ ವಿಶೇಷ ಅದರ ಆಕಾರಕ್ಕಿಂತ ಅದರ ಲೆಕ್ಕದಲ್ಲಿದೆ. ಇಂದಿನ ಶಾರ್ಕುಗಳು ಹಲ್ಲನ್ನು ಉದುರಿಸುತ್ತಲೇ ಇರುತ್ತವೆ. ಒಂದು ಜೀವಮಾನದಲ್ಲಿ ಸಾವಿರಾರು ಹಲ್ಲು ಸಮುದ್ರದ ಪಾಲು. ಹೆಲಿಕೊಪ್ರಿಯಾನ್ ಒಂದನ್ನೂ ಬಿಡಲಿಲ್ಲ. ಹೊಸ ಹಲ್ಲು ಬಾಯಿಯ ಹಿಂಭಾಗದಲ್ಲಿ, ಸುರುಳಿಯ ಹೊರತುದಿಯಲ್ಲಿ ಹುಟ್ಟುತ್ತಿತ್ತು. ಅದು ಬಂದಂತೆ ಇಡೀ ಸಾಲು ಮುಂದಕ್ಕೆ ಸರಿದು, ಹಳೆಯವು ಕೆಳಗಿಳಿದು ಒಳಸುತ್ತು ಸೇರುತ್ತಿದ್ದವು. ನಟ್ಟನಡುವೆ ಇರುವುದು ಮರಿಯಾಗಿದ್ದಾಗಿನ ಹಲ್ಲು. ತೀರ ಹೊರಗಿನದು ಸಾಯುವಾಗಿನದು. ಮನೆಯ ಹಳೆಯ ಪಂಚಾಂಗಗಳನ್ನೆಲ್ಲ ಒಂದೇ ಮೊಳೆಗೆ ಸಿಕ್ಕಿಸಿಟ್ಟ ಹಾಗೆ, ಒಂದು ಪ್ರಾಣಿಯ ಇಡೀ ಬೆಳವಣಿಗೆ ಅನುಕ್ರಮವಾಗಿ ಒಂದೇ ಕಡೆ ಉಳಿದಿದೆ.

ಹೀಗಾಗಿ ವರ್ಗೀಕರಣದ ಒಂದು ಗೋಜಲೂ ಬಿಡಿಸಿಕೊಂಡಿತು. ನೂರು ವರ್ಷಗಳಲ್ಲಿ ಸಿಕ್ಕ ಸಿಕ್ಕ ತುಂಡಿಗೆಲ್ಲ ಹೊಸ ಹೆಸರಿಟ್ಟು ಹತ್ತರಷ್ಟು ಪ್ರಭೇದಗಳಾಗಿದ್ದವು. ಟಪಾನಿಲ ಮತ್ತು ಪ್ರುಯಿಟ್ ಸುರುಳಿಗಳನ್ನು ಹಲ್ಲು ಹಲ್ಲಾಗಿ ಅಳೆದು ನೋಡಿದರು. ಎಂಬತ್ತೈದನೇ ಹಲ್ಲಿನವರೆಗೂ ಎಲ್ಲವೂ ಹೆಚ್ಚುಕಡಿಮೆ ಒಂದೇ. ಪ್ರಭೇದಗಳ ವ್ಯತ್ಯಾಸ ಕಾಣುವುದು ಆಮೇಲೆ, ಮೀನು ದೊಡ್ಡದಾದ ಮೇಲೆ. ಅಂದರೆ ಎಷ್ಟೋ ‘ಪ್ರಭೇದ’ಗಳು ಒಂದೇ ಮೀನಿನ ಚಿಕ್ಕ ದೊಡ್ಡ ವಯಸ್ಸುಗಳು. ಕೊನೆಗೆ ಉಳಿದವು ಮೂರು ಹೆಸರು. ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬ ನಿಯಮದಂತೆ ಐಡಹೊದ ಆ ಪ್ರಸಿದ್ಧ ಕಲ್ಲು ಈಗ ಹೆಲಿಕೊಪ್ರಿಯಾನ್ ಡೇವಿಸಿಯೈ. ವುಡ್‌ವರ್ಡ್ ರೆಕ್ಕೆಯ ಮುಳ್ಳೆಂದು ತಪ್ಪಾಗಿ ತಿಳಿದಿದ್ದ ಆಸ್ಟ್ರೇಲಿಯದ ತುಂಡಿನ ಹೆಸರು ಅರ್ಧ ಭೂಮಿಯ ಆಚೆಗಿನ ಮೀನಿಗೆ ಅಂಟಿತು.

ಸ್ಕ್ಯಾನ್ ಇನ್ನೊಂದು ಸತ್ಯವನ್ನೂ ಹೊರಗೆ ತಂದಿತು. ಇದು ಶಾರ್ಕ್ ಅಲ್ಲ. ಮೇಲ್ದವಡೆ ತಲೆಬುರುಡೆಗೆ ಜೋಡಿಸಿಕೊಂಡಿರುವ ರೀತಿ ಶಾರ್ಕುಗಳದ್ದಲ್ಲ; ಅದು ಕೈಮೀರ ಎಂಬ ಮೀನುಗಳ ಬಳಗದ್ದು. ಇಲಿಯಂಥ ಬಾಲ, ದೊಡ್ಡ ಕಣ್ಣು, ಹಲ್ಲುಗಳ ಬದಲು ಅರೆಯುವ ಫಲಕಗಳಿರುವ ಈ ಮೀನುಗಳು ಇಂದು ಹೆಚ್ಚಾಗಿ ಆಳಸಮುದ್ರದ ಕತ್ತಲಲ್ಲಿ ಬದುಕುತ್ತವೆ. ಇವುಗಳ ವಂಶ ಶಾರ್ಕಿನ ವಂಶದಿಂದ ಬೇರೆಯಾಗಿ ಸುಮಾರು 40 ಕೋಟಿ ವರ್ಷಗಳಾದವು. ಕೈಮೀರಗಳಲ್ಲಿ ದೊಡ್ಡವೂ ಒಂದೂವರೆ ಮೀಟರಿನ ಆಸುಪಾಸಿನವು. ಅವುಗಳ ಈ ಪುರಾತನ ಬಂಧುವೋ, ಅತಿ ದೊಡ್ಡ ಸುರುಳಿಯ ಅಳತೆಯಿಂದ ಲೆಕ್ಕ ಹಾಕಿದರೆ, ಏಳೂವರೆ ಮೀಟರನ್ನು ಮೀರಿರಬಹುದು. ಆ ಸುರುಳಿಯ ಅಗಲ 56 ಸೆಂಟಿಮೀಟರು, ಅದರ ಹಲ್ಲಿನ ಎತ್ತರ 14 ಸೆಂಟಿಮೀಟರು.

ಇಷ್ಟು ದೊಡ್ಡ ಬೇಟೆಗಾರ ಸುಮಾರು 27 ಕೋಟಿ ವರ್ಷಗಳ ಹಿಂದೆ ಕಣ್ಮರೆಯಾಯಿತು. ಪರ್ಮಿಯನ್ ಕಾಲದ ಕೊನೆಯಲ್ಲಿ, 25 ಕೋಟಿ ವರ್ಷಗಳ ಹಿಂದೆ, ಸಮುದ್ರಜೀವಿಗಳನ್ನು ಬಹುಮಟ್ಟಿಗೆ ಗುಡಿಸಿ ಹಾಕಿದ ಮಹಾಪ್ರಳಯಕ್ಕೆ ಅದು ಕಾಯಲಿಲ್ಲ. ಆ ಪ್ರಳಯವನ್ನು ದಾಟಿ ಬಂದ ಕೆಲವು ಬಂಧುಗಳ ಹಲ್ಲುಗಳು ಗ್ರೀನ್‌ಲೆಂಡಿನಲ್ಲಿ ಸಿಕ್ಕಿವೆ.

ಈಗ ವಸ್ತುಸಂಗ್ರಹಾಲಯಗಳಲ್ಲಿ ಕಾಣುವ ಹೆಲಿಕೊಪ್ರಿಯಾನ್ ಮಾದರಿಗಳಲ್ಲಿ ತಲೆ ಹೊಸ ತಿಳಿವಿನಂತೆ ಇದೆ. ಉದ್ದವಾದ, ಕಿರಿದಾದ ತಲೆ. ಬಾಯಿ ತೆರೆದಾಗ ನಾಲಗೆ ಇರಬೇಕಾದಲ್ಲಿ ನಡುಗೆರೆಯುದ್ದಕ್ಕೂ ಹಲ್ಲಿನ ಅಲಗು. ರೇ ಟ್ರಾಲ್ ಹಳೆಯ ಚಿತ್ರಗಳನ್ನು ಬದಿಗಿಟ್ಟು ಹೊಸದಾಗಿ ಬಿಡಿಸಿದರು. 2013ರಲ್ಲಿ ಪೊಕಟೆಲೊದಲ್ಲಿ ಅವರ ಚಿತ್ರಗಳೂ ಪಳೆಯುಳಿಕೆಗಳೂ ಒಟ್ಟಿಗೆ ಪ್ರದರ್ಶನಗೊಂಡವು. ತಲೆಯ ಹಿಂದಿನ ಮೈ, ರೆಕ್ಕೆ, ಬಾಲಗಳನ್ನು ಮಾತ್ರ ಸಣ್ಣ ಬಂಧುಗಳ ಅಚ್ಚುಗಳಿಂದ ಎರವಲು ತಂದು ಜೋಡಿಸಲಾಗಿದೆ. ಹೆಲಿಕೊಪ್ರಿಯಾನ್‌ನ ಸ್ವಂತ ಮೈಯ ಗುರುತಿರುವ ಕಲ್ಲು ಇನ್ನೂ ಯಾವ ಗಣಿಯಿಂದಲೂ ಮೇಲೆ ಬಂದಿಲ್ಲ.